ನೋಯದ ಹುಣ್ಣು

ಮಧುಮೇಹಿಯ ಪಾದದಲ್ಲಿ ಏಳುವ ಹುಣ್ಣಿನ ಘೋರತೆಯನ್ನು ಅದರ ಗಾತ್ರದಿಂದಾಗಲಿ ನೋವಿನಿಂದಾಗಲಿ ಅಳೆಯಲಾಗದೆಂಬುದನ್ನು, ನನ್ನ ಅಣ್ಣನ ಬಲಗಾಲಿಗೆ ಔಷಧೋಪಚಾರ ಮಾಡುತ್ತ ಕಳೆದ ದೀರ್ಘಕಾಲವು ನನಗೆ ಮನದಟ್ಟು ಮಾಡಿಸಿತು. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಅವನಿಗೆ ಹಳೆಯ ಆಣಿಯೊಂದಿತ್ತು. ಅದರ ನಡುವೆ ಕಡಲೆಕಾಳಿನಷ್ಟು ಕಪ್ಪು ಕಲೆ ಮೂಡಿದಾಗಲೂ ನೋವು ಲವಲೇಶವೂ ಇರದಿದ್ದುದರಿಂದ ಅವನು ತೋಟಕ್ಕೆ ನಡೆದೇ ಹೋಗಿಬರುತ್ತಿದ್ದನು. ಶಸ್ತ್ರವೈದ್ಯರು ಆ ಗಡಸು ಚರ್ಮವನ್ನು ಪದರಪದರವಾಗಿ ಹೆರೆದು ತೆಗೆದಾಗ, ಅದರಡಿಯಲ್ಲಿ ಹುಣ್ಣು ರೂಪಾಯಿ ನಾಣ್ಯದಷ್ಟು ಹರಡಿತ್ತು. ಮೊಂಡುತುದಿಯ ಲೋಹದ ಕಡ್ಡಿಯೊಂದನ್ನು ಅದರೊಳಗೆ ಮೆಲ್ಲನೆ ಇಳಿಸಿ, ಎಲುಬು ತಾಕುವುದೇ ಎಂದು ಅವರು ಪರೀಕ್ಷಿಸಿದರು. ತಾಕಿದ್ದರೆ ಸೋಂಕು ಎಲುಬಿಗಿಳಿದಿರುವ ಶಂಕೆ ಬಲವಾಗುತ್ತಿತ್ತು. ದೈವಕೃಪೆಯಿಂದ ತಾಕಲಿಲ್ಲ. ಇಷ್ಟೆಲ್ಲ ನಡೆಯುತ್ತಿರುವಾಗ ಅಣ್ಣನು ನನ್ನೊಡನೆ ಅಡಕೆಯ ಧಾರಣೆಯನ್ನು ಕುರಿತು ಮಾತನಾಡುತ್ತಿದ್ದನು; ಆ ನಿರಾತಂಕವೇ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಅಂಜಿಸಿತು.

ಬಳಿಕ ಅವನ ಕಣ್ಣು ಮುಚ್ಚಿಸಿ, 10 ಗ್ರಾಂ ಭಾರಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನ ಅಲ್ಲಲ್ಲಿ ಒತ್ತಿ ನೋಡಿದರು. ಅವನು ಒಂದು ಬಾರಿಯೂ 'ಹೂಂ' ಎನ್ನಲಿಲ್ಲ. ನೋವೆಂಬ ಕಾವಲುಗಾರನಿಲ್ಲದ ಪಾದದಲ್ಲಿ ಪ್ರತಿಯೊಂದು ಹೆಜ್ಜೆಯೂ ಅದೇ ವ್ರಣವನ್ನು ಮತ್ತೆ ಜಜ್ಜುವುದರಿಂದ, ಎಂತಹ ಶ್ರೇಷ್ಠವಾದ ಮುಲಾಮೂ ವ್ಯರ್ಥವಾಗುವುದು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಡಾ. ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಸ್ಪರ್ಶಹೀನ ಪಾದಗಳಿಗೆ ಪ್ಲಾಸ್ಟರ್ ಕಟ್ಟಿ, ಭಾರವು ಹುಣ್ಣಿನ ಮೇಲೆ ಬೀಳದಂತೆ ಮಾಡಿ ಮಾಯಿಸುತ್ತಿದ್ದರು. ಅದೇ ವಿಧಾನವು ಮಧುಮೇಹಿಗಳಿಗೂ ವರವಾಯಿತು. ಅಣ್ಣನ ಕಾಲಿಗೂ ಮೊಣಕಾಲಿನ ಕೆಳಗಿನವರೆಗೆ ಅಂತಹ ಪ್ಲಾಸ್ಟರ್ ಹಾಕಿದರು. ನನ್ನ ದೃಷ್ಟಿಯಲ್ಲಿ ಅವನ ಪಾದವನ್ನು ಉಳಿಸಿದುದು ಅದೇ.

ಆದರೆ ರಕ್ತಸಂಚಾರವಿಲ್ಲದೆಡೆ ಆ ಉಪಾಯವೂ ಸಾಲದು. ಪಕ್ಕದ ಹಾಸಿಗೆಯಲ್ಲಿದ್ದ ವೃದ್ಧರ ಕಿರುಬೆರಳ ಗಾಯವು ಅಣ್ಣನದಕ್ಕಿಂತ ಚಿಕ್ಕದಾಗಿತ್ತು. ಆದರೆ ಬಹುಕಾಲ ಬೀಡಿ ಸೇದಿದ ಆ ಹಿರಿಯರ ಪಾದದಲ್ಲಿ ನಾಡಿಯೇ ಸಿಗಲಿಲ್ಲ, ಕಡೆಗೆ ಕಾಲನ್ನೇ ತೆಗೆಯಬೇಕಾಯಿತು. ಕಣಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 0.9ಕ್ಕಿಂತ ಕಡಮೆ ಬಂದರೆ ರಕ್ತನಾಳ ಕಿರಿದಾಗಿದೆಯೆಂದು ಅರ್ಥ. ಆದರೆ ಮಧುಮೇಹದಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟಿ ಈ ಅಂಕಿ ಹುಸಿಯಾಗಿ ಹೆಚ್ಚುವುದೂ ಉಂಟಾದ್ದರಿಂದ, ಕಾಲ್ಬೆರಳಿನ ಒತ್ತಡವನ್ನೂ ಅಳೆಯುವರು. ಸೋಂಕು, ಹಿಡಿತ ತಪ್ಪಿದ ಸಕ್ಕರೆ, ಮೂತ್ರಪಿಂಡದ ದೌರ್ಬಲ್ಯ, ಪುಷ್ಟಿಯಿಲ್ಲದ ಆಹಾರ ಇವೂ ಮಾಯುವಿಕೆಯನ್ನು ತಡೆಯುತ್ತವೆ.

ವೈದ್ಯರು ಪ್ಲಾಸ್ಟರ್ ಬದಲಿಸುವಾಗಲೆಲ್ಲ ವ್ರಣದ ಉದ್ದಗಲಗಳನ್ನು ಅಳೆದು ಬರೆದಿಡುತ್ತಿದ್ದರು. ಸರಿಯಾದ ಚಿಕಿತ್ಸೆ ನಡೆದು 4 ವಾರ ಕಳೆದರೂ ಹುಣ್ಣಿನ ವಿಸ್ತಾರವು ಸುಮಾರು ಅರ್ಧಕ್ಕೆ ಇಳಿಯದಿದ್ದರೆ, ಅದೇ ಔಷಧವನ್ನು ಮುಂದುವರಿಸದೆ, ರಕ್ತಸಂಚಾರವನ್ನೂ ಎಲುಬನ್ನೂ ಮರುಪರೀಕ್ಷೆ ಮಾಡಬೇಕೆಂಬುದು ನಾನು ಅವರಿಂದ ಕಲಿತ ಅತ್ಯಮೂಲ್ಯ ಪಾಠ.

ಅಣ್ಣನ ಹುಣ್ಣು ಮಾಯಿತು. ಆದರೂ ಮಾಯ್ದ ಪಾದವು ನಿರ್ಭಯವಾದ ಪಾದವಲ್ಲ. ಇಂತಹ ಹುಣ್ಣು ಮಾಯ್ದವರಲ್ಲಿ ಶೇ. 40ರಷ್ಟು ಮಂದಿಗೆ 1 ವರ್ಷದೊಳಗಾಗಿ ಅದು ಮರುಕಳಿಸುತ್ತದೆ. ಆದುದರಿಂದ ಮನೆಯಲ್ಲಿ ಮಧುಮೇಹಿಗಳಿರುವ ಓದುಗರಲ್ಲಿ ನನ್ನ ವಿನಂತಿಯಿಷ್ಟೆ: ನೋವಿದೆಯೇ ಎಂದು ಅವರನ್ನು ಕೇಳಿ ಸುಮ್ಮನಾಗದೆ, ದಿನಕ್ಕೊಮ್ಮೆ ಅವರ ಅಂಗಾಲನ್ನೂ ಬೆರಳ ಸಂದುಗಳನ್ನೂ ಬೆಳಕಿನಲ್ಲಿ ನೀವೇ ನೋಡಿರಿ.