ಹೊಟ್ಟೆಯ ಆಪರೇಷನ್ ಆದ ಮೇಲೆ ಊಟ, ತೂಕ ಮತ್ತು ಸುಸ್ತು



ಕಳೆದ ಮಳೆಗಾಲದಲ್ಲಿ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಒಬ್ಬ ಸದಸ್ಯೆ ಮೂರು ವಾರದಿಂದ ಬಂದಿರಲಿಲ್ಲ. "ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡ್ಳು, ಈಗ ಬರೀ ಮಲಗಿರ್ತಾಳೆ. ಸೋಮಾರಿತನ, ಬೇರೇನಲ್ಲ" ಎಂದು ಯಾರೋ ಅಂದರು. ಸಭೆ ಮುಗಿಸಿ ನಾವು ಅವರ ಮನೆಗೆ ಹೋದೆವು. ಅವರು ಹೇಳಿದ್ದಿಷ್ಟು: "ಅಕ್ಕಾ, ತೂಕ ಇಳೀತು. ಆದ್ರೆ ಒಂದು ದಿನ ಬಟ್ಟೆ ಒಗೆದ್ರೆ ಮೂರು ದಿನ ಏಳೋಕಾಗಲ್ಲ. ನಡೀದಿದ್ರೆ ತೂಕ ಮತ್ತೆ ಬರುತ್ತೆ ಅಂತಾರೆ. ಆ ಹೆದರಿಕೆಗೆ ಒಂದು ಹೊತ್ತಿನ ಊಟಾನೇ ಬಿಟ್ಟಿದ್ದೀನಿ."

ಈ ಸಹೋದರಿಯ ಮಾತೇ ಈ ಸಲದ ಪಾಠ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಸಾಮಾನ್ಯವಾಗಿ ಎರಡು ವಿಧ. ಒಂದರಲ್ಲಿ ಜಠರದ ಮುಕ್ಕಾಲು ಪಾಲಿನಷ್ಟನ್ನು ಕತ್ತರಿಸಿ ತೆಗೆಯುತ್ತಾರೆ. ಇದಕ್ಕೆ 'ಸ್ಲೀವ್' ಎನ್ನುತ್ತಾರೆ. ಇನ್ನೊಂದು 'ಬೈಪಾಸ್'. ಇದರಲ್ಲಿ ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ, ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ಸ್ವಲ್ಪ ತಿಂದರೆ ಹೊಟ್ಟೆ ತುಂಬುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬಿ-12 ವಿಟಮಿನ್‌ಗಳು ಮೈಗೆ ಹತ್ತುವುದೂ ಕಡಿಮೆಯಾಗುತ್ತದೆ. ಆದ್ದರಿಂದ ಡಾಕ್ಟರು ಬರೆದುಕೊಟ್ಟ ವಿಟಮಿನ್ ಮಾತ್ರೆಗಳನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು. "ಈಗ ಚೆನ್ನಾಗಿದ್ದೀನಲ್ಲಾ" ಅಂತ ಬಿಡಬಾರದು.

ಊಟದ ನಿಯಮಗಳು

1. ಮೊದಲು ನೀರಾದ ಆಹಾರ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. ಮಾಮೂಲಿ ಊಟಕ್ಕೆ ಬರಲು ಸುಮಾರು 6ರಿಂದ 8 ವಾರ ಬೇಕು. ಅವಸರ ಬೇಡ.

2. ತಟ್ಟೆಯಲ್ಲಿ ಮೊದಲು ಪ್ರೋಟೀನ್ ಇರುವುದನ್ನು ತಿನ್ನಿ. ಆಮೇಲೆ ತರಕಾರಿ, ಕೊನೆಗೆ ಅನ್ನ. ನಮ್ಮ ರೂಢಿ ಇದಕ್ಕೆ ತಿರುಗುಮುರುಗು!

3. ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಬೇಕು. ಲೆಕ್ಕ ನೋಡೋಣ: ಎರಡು ಮೊಟ್ಟೆ 12 ಗ್ರಾಂ, ಎರಡು ಲೋಟ ಹಾಲು 12 ಗ್ರಾಂ, ಎರಡು ಸಣ್ಣ ತುಂಡು ಮೀನು 15 ಗ್ರಾಂ, ಒಂದು ಸಣ್ಣ ಬಟ್ಟಲು ಗಟ್ಟಿ ಬೇಳೆ 6 ಗ್ರಾಂ, ಒಂದು ಹಿಡಿ ಸೋಯಾ 12 ಗ್ರಾಂ, ಒಂದು ಬಟ್ಟಲು ಮೊಸರು 3 ಗ್ರಾಂ. ಒಟ್ಟು 60. ಇದನ್ನು ಐದಾರು ಸಲಕ್ಕೆ ಹಂಚಿಕೊಳ್ಳಬೇಕು. ಬರೀ ಗಂಜಿ ಮತ್ತು ಉಪ್ಪಿನಕಾಯಿಯಿಂದ ಈ ಲೆಕ್ಕ ತುಂಬುವುದಿಲ್ಲ.

4. ಊಟದ ಜೊತೆ ನೀರು ಕುಡಿಯಬೇಡಿ. ಊಟವಾಗಿ ಅರ್ಧ ಗಂಟೆ ಬಿಟ್ಟು, ಗುಟುಕು ಗುಟುಕಾಗಿ ಕುಡಿಯಿರಿ.

5. ಬೆಲ್ಲ, ಸಕ್ಕರೆ, ಪಾಯಸ, ಜ್ಯೂಸ್ ದೂರವಿಡಿ. ಬೈಪಾಸ್ ಆದವರಿಗೆ ಮುಖ್ಯವಾಗಿ, ಸಿಹಿ ತಿಂದ ಸ್ವಲ್ಪ ಹೊತ್ತಿಗೆ ಬೆವರು, ಎದೆಬಡಿತ, ಭೇದಿ ಆಗಬಹುದು.

6. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನು ಚಹಾ, ಕಾಫಿ ಜೊತೆ ನುಂಗಬೇಡಿ.

ಸುಸ್ತು ಎಲ್ಲವೂ ಒಂದೇ ಅಲ್ಲ

ಸುಸ್ತು ಅಂದ ಕೂಡಲೇ ಮೊದಲು ರಕ್ತ ಪರೀಕ್ಷೆ: ಹಿಮೋಗ್ಲೋಬಿನ್, ಕಬ್ಬಿಣಾಂಶ, ಬಿ-12, ವಿಟಮಿನ್ ಡಿ, ಥೈರಾಯ್ಡ್, ಸಕ್ಕರೆ. ನಮ್ಮ ಸಹೋದರಿಗೆ ಕಬ್ಬಿಣ ಮತ್ತು ಬಿ-12 ಎರಡೂ ಕಡಿಮೆ ಇತ್ತು. ಅದಕ್ಕೆ ಚಿಕಿತ್ಸೆ ಆದ ಮೇಲೆ ತಲೆಸುತ್ತು ನಿಂತಿತು. ಆದರೆ ಪೂರ್ತಿ ಸುಸ್ತು ಹೋಗಲಿಲ್ಲ. ಎಲ್ಲ ನೋಡಿದ ಮೇಲೆ ಡಾಕ್ಟರು ಇದು 'ದೀರ್ಘಕಾಲದ ಆಯಾಸದ ಕಾಯಿಲೆ' ಎಂದರು.

ಈ ಕಾಯಿಲೆಯನ್ನು ತೋರಿಸುವ ರಕ್ತ ಪರೀಕ್ಷೆ ಇಲ್ಲ. ಲಕ್ಷಣಗಳಿಂದಲೇ ಗುರುತಿಸುತ್ತಾರೆ: ತಿಂಗಳುಗಟ್ಟಲೆ ಬಿಡದ ಆಯಾಸ, ನಿದ್ದೆ ಮಾಡಿದರೂ ದಣಿವು ಹೋಗದಿರುವುದು, ಸ್ವಲ್ಪ ದುಡಿದರೂ ಮಾರನೇ ದಿನ ಅಥವಾ ಅದರಾಚೆ ಇನ್ನೂ ಕುಸಿಯುವುದು. ಮನಸ್ಸು ಮಾಡಿದರೆ ಹೋಗುವ ಸೋಮಾರಿತನ ಇದಲ್ಲ. ಹಿಂದೆ ಇಂಥವರಿಗೆ ವ್ಯಾಯಾಮವನ್ನು ದಿನದಿಂದ ದಿನಕ್ಕೆ ಹೆಚ್ಚಿಸಿ ಎಂದು ಹೇಳುತ್ತಿದ್ದರು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2021ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು.

ಹಾಗಾದರೆ ತೂಕದ ಗತಿ? ಇಂಥವರಿಗೆ ತೂಕ ಕಾಯುವ ಮುಖ್ಯ ಕೆಲಸ ತಟ್ಟೆಯದ್ದು, ಕಾಲಿನದ್ದಲ್ಲ. ಊಟ ಬಿಟ್ಟರೆ ಪ್ರೋಟೀನ್ ಸಾಲದೆ ಮಾಂಸಖಂಡ ಕರಗುತ್ತದೆ, ಸುಸ್ತು ಇನ್ನೂ ಹೆಚ್ಚುತ್ತದೆ. ವಾರಕ್ಕೊಮ್ಮೆ ತೂಕ ನೋಡಿದರೆ ಸಾಕು. ಒಂದೆರಡು ವರ್ಷದ ನಂತರ ಸ್ವಲ್ಪ ತೂಕ ಮರಳಿ ಬರುವುದು ಬಹಳ ಜನರಲ್ಲಿ ಇದೆ. ಅದು ನಿಮ್ಮ ತಪ್ಪಲ್ಲ.

ಶಕ್ತಿಯ ಉಳಿತಾಯ

ಸಂಘದಲ್ಲಿ ಹಣ ಉಳಿಸಲು ಕಲಿತಿದ್ದೇವೆ. ಶಕ್ತಿಯನ್ನೂ ಹಾಗೇ ಉಳಿಸಬೇಕು. ಇದ್ದದ್ದನ್ನೆಲ್ಲ ಒಂದೇ ದಿನ ಖರ್ಚು ಮಾಡಿದರೆ ಸಾಲ ಆಗುತ್ತದೆ, ಅದಕ್ಕೆ ಬಡ್ಡಿಯೂ ಬೀಳುತ್ತದೆ.

- ತರಕಾರಿ ಹೆಚ್ಚುವುದು, ಬಟ್ಟೆ ಮಡಚುವುದು ಕೂತೇ ಮಾಡಿ.
- ಚೆನ್ನಾಗಿರುವ ದಿನ ಎಲ್ಲ ಕೆಲಸ ಮುಗಿಸುವ ಆಸೆ ಬೇಡ. ದಣಿಯುವ ಮೊದಲೇ ನಿಲ್ಲಿಸಿ.
- ಕಾಳು ಬೇಯಿಸಿದಾಗ ಎರಡು ದಿನಕ್ಕಾಗುವಷ್ಟು ಬೇಯಿಸಿ ಫ್ರಿಜ್ಜಿನಲ್ಲಿಡಿ. ತೀರಾ ಸುಸ್ತಾದ ದಿನಕ್ಕೆ ಬೇಯಿಸಿದ ಮೊಟ್ಟೆ, ಮೊಸರು ಮನೆಯಲ್ಲಿರಲಿ.

ಉಪವಾಸದ ಬಗ್ಗೆ

ತಪಸ್ಸುಕಾಲದ ಉಪವಾಸದ ಕಟ್ಟಳೆ ಕಾಯಿಲೆಯವರಿಗಿಲ್ಲ. ಗುರುಗಳನ್ನು ಕೇಳಿ, ಬೇರೆ ತ್ಯಾಗವನ್ನು ಆರಿಸಿಕೊಳ್ಳಬಹುದು. ಏಕಾದಶಿ, ರಂಜಾನ್ ಆಚರಿಸುವ ಸಹೋದರಿಯರೂ ಮೊದಲು ಡಾಕ್ಟರನ್ನು ಕೇಳಲಿ.

ತಡಮಾಡದೆ ಆಸ್ಪತ್ರೆಗೆ ಹೋಗಿ: ಬಿಡದ ವಾಂತಿ, ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಕಪ್ಪು ಮಲ, ಜೋರು ಹೊಟ್ಟೆನೋವು. ಬಿಡದ ವಾಂತಿಯಿಂದ ಬಿ-1 ವಿಟಮಿನ್ ಕಡಿಮೆಯಾಗಿ ಮೆದುಳಿಗೇ ಪೆಟ್ಟಾಗಬಹುದು. ಮೈಕೈ ನೋವಿಗೆ ಅಂಗಡಿಯಿಂದ ನೀವೇ ಮಾತ್ರೆ ತಂದು ನುಂಗಬೇಡಿ. ಕೆಲವು ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಆಪರೇಷನ್ ಆಗಿ ಒಂದರಿಂದ ಒಂದೂವರೆ ವರ್ಷದವರೆಗೆ ಗರ್ಭಧಾರಣೆ ಬೇಡ ಎನ್ನುತ್ತಾರೆ ಡಾಕ್ಟರು.

ಆ ಸಹೋದರಿ ಈಗ ಮತ್ತೆ ಸಭೆಗೆ ಬರುತ್ತಿದ್ದಾರೆ. ಸಭೆ ಅವರ ಮನೆ ಜಗಲಿಯಲ್ಲೇ ನಡೆಯುತ್ತದೆ. ಅವರಿಗೆ ಕುರ್ಚಿ ಹಾಕಿ ಲೆಕ್ಕದ ಪುಸ್ತಕ ಕೊಟ್ಟಿದ್ದಾರೆ. "ಸೋಮಾರಿ" ಎಂದಿದ್ದವರೇ ಈಗ ವಾರಕ್ಕೊಂದು ದಿನ ಅವರ ಬಟ್ಟೆ ಒಗೆದು ಕೊಡುತ್ತಾರೆ.

ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಸಂಘದಲ್ಲಿ ಸದಾ ಸುಸ್ತು ಎನ್ನುವವರು ಯಾರಿದ್ದಾರೆ? ಅವರ ರಕ್ತ ಪರೀಕ್ಷೆ ಆಗಿದೆಯೇ?
2. ನಿನ್ನೆ ನಾವು ತಿಂದದ್ದರಲ್ಲಿ ಎಷ್ಟು ಗ್ರಾಂ ಪ್ರೋಟೀನ್ ಇತ್ತು? ಲೆಕ್ಕ ಹಾಕಿ.
3. ಸಭೆಗೆ ಬಾರದವರ ಬಗ್ಗೆ ಮಾತಾಡುವ ಮೊದಲು ಅವರ ಮನೆಗೆ ಯಾರು ಹೋಗುತ್ತೀರಿ? ಹೆಸರು ಬರೆದುಕೊಳ್ಳಿ.