ಕರೆ ದಾಖಲೆ ತೆಗೆಯುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಆಫೀಸಿನ ಅಸ್ಟೆರಿಸ್ಕ್ ಎಕ್ಸ್‌ಚೇಂಜಿನಿಂದ ಸಿಡಿಆರ್ (ಕರೆ ದಾಖಲೆ) ಇಳಿಸಿಕೊಂಡು ತಿಂಗಳ ವರದಿ ಮಾಡುವ ಎಲ್ಲರಿಗೂ ಈ ಸೂಚನೆ. ಅಕೌಂಟ್ಸ್ ವಿಭಾಗದವರಿಗೆ ಎರಡು ಪಟ್ಟು.

ಮಾಡಬೇಕಾದ್ದು

ಕಾಲಂಗಳ ಕ್ರಮವನ್ನು ಬಾಯಿಪಾಠ ಮಾಡಿ. ಮಾಸ್ಟರ್ ಸಿಎಸ್‌ವಿ ಕಡತಕ್ಕೆ ತಲೆಸಾಲು ಇರುವುದಿಲ್ಲ, ಮೊದಲ ಸಾಲೇ ಒಂದು ಕರೆ. 2ನೇ ಕಾಲಂ ಕರೆ ಮಾಡಿದ ನಂಬರ್, 3 ಡಯಲ್ ಆದ ನಂಬರ್. 10, 11, 12 ಎಂದರೆ ಕರೆ ಶುರುವಾದ, ಎತ್ತಿದ, ಇಟ್ಟ ಹೊತ್ತು. 13 ಡ್ಯುರೇಶನ್, 14 ಬಿಲ್‌ಸೆಕ್, 15 ಡಿಸ್ಪೊಸಿಶನ್, ಅಂದರೆ ಕರೆ ಏನಾಯಿತು ಎಂಬುದು.

ದುಡ್ಡಿನ ಲೆಕ್ಕಕ್ಕೆ 14ನೆಯದನ್ನೇ ಹಿಡಿಯಿರಿ, 13ನ್ನಲ್ಲ. 11:02:14ಕ್ಕೆ ಡಯಲ್ ಆಗಿ, 11:02:39ಕ್ಕೆ ಎತ್ತಿ, 11:05:40ಕ್ಕೆ ಇಟ್ಟ ಕರೆಗೆ ಡ್ಯುರೇಶನ್ 206 ಸೆಕೆಂಡ್, ಬಿಲ್‌ಸೆಕ್ 181. ನಡುವಿನ 25 ಸೆಕೆಂಡ್ ಬರೀ ರಿಂಗು. ನಿಮಿಷದ ಪಲ್ಸ್ ಇರುವ ಲೈನಿನಲ್ಲಿ ಈ 181 ಅಂದರೆ 4 ನಿಮಿಷ. ಆ ಒಂದು ಸೆಕೆಂಡಿಗೆ ಪೂರ್ತಿ ನಿಮಿಷದ ಕಾಸು ಹೋಗುತ್ತದೆ. ಆದ್ದರಿಂದ ಪ್ರತಿ ಕರೆಯನ್ನೂ ಮೊದಲು ನಿಮಿಷಕ್ಕೆ ಏರಿಸಿ, ಆಮೇಲೆ ಕೂಡಿ. ಎಲ್ಲ ಸೆಕೆಂಡುಗಳನ್ನು ಒಟ್ಟಿಗೆ ಕೂಡಿ ಕೊನೆಗೆ 60ರಿಂದ ಭಾಗಿಸಿದರೆ ಆಪರೇಟರ್ ಬಿಲ್ಲಿಗೂ ನಿಮ್ಮ ವರದಿಗೂ ಯಾವ ಕಾಲಕ್ಕೂ ತಾಳೆಯಾಗದು.

ಹೊತ್ತು ಯಾವ ಗಡಿಯಾರದ್ದು ಎಂದು ನೋಡಿ. ಸಿಡಿಆರ್ ಕಾನ್ಫಿಗ್‌ನಲ್ಲಿ ಯೂಸ್‌ಜಿಎಂಟೈಮ್ ಚಾಲೂ ಇದ್ದರೆ ಹೊತ್ತು ಜಿಎಂಟಿಯಲ್ಲಿ ದಾಖಲಾಗಿ, ಬೆಳಗ್ಗೆ 10ರ ಕರೆ 04:30 ಎಂದು ಕಾಣುತ್ತದೆ. ರಾತ್ರಿ ಪಾಳಿಯವರ 2 ಗಂಟೆಯ ಕರೆ ಹಿಂದಿನ ದಿನದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮಾಡಬಾರದ್ದು

15ನೇ ಕಾಲಂನಲ್ಲಿ ‘ಆನ್ಸರ್ಡ್’ ಎಂದಿದ್ದ ಮಾತ್ರಕ್ಕೆ ಯಾರೋ ಫೋನ್ ಎತ್ತಿದ್ದರು ಎಂದು ಬರೆಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹೊರಗಿನಿಂದ ಬಂದ ಕರೆಯನ್ನು ಮೊದಲು ಎತ್ತುವುದು ಐವಿಆರ್, ಅಂದರೆ ದನಿಮುದ್ರಿತ ಮೆನು. ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎನ್ನುವಷ್ಟರಲ್ಲೇ ಬಿಲ್‌ಸೆಕ್ ಓಡಲು ಶುರು. ಗಿರಾಕಿ ಎರಡು ನಿಮಿಷ ಸಂಗೀತ ಕೇಳಿ, ಬೇಸತ್ತು ಫೋನ್ ಇಟ್ಟರೂ ಕಡತದಲ್ಲಿ ಆ ಕರೆ ಆನ್ಸರ್ಡ್. 7ನೇ ಕಾಲಂ ನೋಡಿ: ಅಲ್ಲಿ ಆಚೆ ಕಡೆಯ ಚಾನೆಲ್ ಹೆಸರಿಲ್ಲದೆ ಖಾಲಿಯಿದ್ದರೆ ಆ ಕರೆ ಯಾವ ಫೋನಿಗೂ ಮುಟ್ಟಿಲ್ಲ. 8ನೆಯದರಲ್ಲಿ ‘ಬ್ಯಾಕ್‌ಗ್ರೌಂಡ್’ ಎಂದಿದ್ದರೆ ಐವಿಆರ್ ಮಾತಾಡುತ್ತಿರುವಾಗಲೇ ಕಟ್ ಆಗಿದೆ.

ಸಾಲುಗಳನ್ನು ಎಣಿಸಿ ‘ಇಷ್ಟು ಕರೆ’ ಎನ್ನಬೇಡಿ. ಅಸ್ಟೆರಿಸ್ಕ್ 12ನೇ ಆವೃತ್ತಿಯಿಂದ ಈಚೆಗೆ, ಮೂರು ಫೋನು ಒಟ್ಟಿಗೆ ರಿಂಗಾದರೆ ಮೂರು ಸಾಲು ಬೀಳುತ್ತವೆ. ಎತ್ತಿದವರದು ಆನ್ಸರ್ಡ್, ಉಳಿದಿಬ್ಬರದು ನೋ ಆನ್ಸರ್. ಹಿಂದೊಮ್ಮೆ ಹೀಗೆ ಎಣಿಸಿ ರಿಸೆಪ್ಶನ್‌ನ ಹೆಣ್ಣುಮಗಳಿಗೆ ‘ಫೋನ್ ಎತ್ತುವುದಿಲ್ಲ’ ಎಂದು ಮೆಮೊ ಕೊಟ್ಟಿದ್ದು ನೆನಪಿರಲಿ. ಆಕೆಯ ಪಕ್ಕದವರು ಮೊದಲು ಎತ್ತುತ್ತಿದ್ದರು, ಅಷ್ಟೇ. ಒಂದೇ ಕರೆಯ ಸಾಲುಗಳನ್ನು ಜೋಡಿಸಲು ಡೇಟಾಬೇಸಿನಲ್ಲಿ ಲಿಂಕ್ಡ್‌ಐಡಿ ಕಾಲಂ ಇಟ್ಟಿದ್ದೇವೆ, ಅದನ್ನು ಬಳಸಿ.

ಕಡತವನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆಯಬೇಡಿ. ನಂಬರಿನ ಮುಂದಿನ ಸೊನ್ನೆ ಹೋಗುತ್ತದೆ, 91 ಹಚ್ಚಿದ 12 ಅಂಕಿಯ ನಂಬರ್ 9.19E+11ರಂಥ ಯಾವುದೋ ಸಂಖ್ಯೆಯಾಗಿ ಕಾಣುತ್ತದೆ. ಇನ್ನೂ ಕೆಟ್ಟದ್ದು ಕರೆಯ ಗುರುತಿನ ಸಂಖ್ಯೆಯಾದ ಯೂನಿಕ್‌ಐಡಿಯದು: 1718000000.420 ಎಂಬುದು ಸದ್ದಿಲ್ಲದೆ 1718000000.42 ಆಗುತ್ತದೆ, ಆಮೇಲೆ ಡೇಟಾಬೇಸಿನಲ್ಲಿ ಹುಡುಕಿದರೆ ಸಿಗದು. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಈ ಕಾಲಂಗಳಿಗೆ ‘ಟೆಕ್ಸ್ಟ್’ ಆರಿಸಿ.

ಗಿರಾಕಿಗಳ ನಂಬರ್ ಇರುವ ಹಾಳೆಯನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಕೊನೆಯ ನಾಲ್ಕು ಅಂಕಿ ಮುಚ್ಚಿ ಮೇಲ್ ಮಾಡಿ.

ಸರ್ವರಿನಲ್ಲಿರುವ ಮೂಲ ಕಡತ ಮುಟ್ಟಕೂಡದು. ಅನುಮಾನದ ಸಾಲು ಕಂಡರೆ ಅಳಿಸಬೇಡಿ, ಅದರ ಯೂನಿಕ್‌ಐಡಿಯನ್ನು ಚುಕ್ಕಿ, ಸೊನ್ನೆ ಸಮೇತ ಬರೆದು ನಮಗೆ ಕಳಿಸಿ.