ಟೊಮೆಟೊ ಕೋಸಂಬರಿ

ಟೊಮೆಟೊ ಬೆಲೆ ಬಿದ್ದಾಗ ಕೊಯ್ಲಿನ ಕೂಲಿಯೂ ಹುಟ್ಟದೆ, ಹಣ್ಣನ್ನು ರಸ್ತೆಯ ಬದಿಗೆ ಸುರಿಯುವುದನ್ನು ರಾಯದುರ್ಗ, ಮಡಕಶಿರಾ ಸೀಮೆಯ ನಾವು ಬಲ್ಲೆವು. ಮನೆಯ ಅಡಿಗೆಯಿಂದ ಬೆಲೆ ಏರದು, ನಿಜ. ಆದರೆ ಬೆಳೆದವರ ಮಕ್ಕಳ ತಟ್ಟೆಗೂ ಹಣ್ಣು ಬಾರದಿದ್ದರೆ ಅದು ಎರಡನೆಯ ನಷ್ಟ. ಆದುದರಿಂದ ಹಣ್ಣನ್ನು ಬೇಯಿಸದೆ ಮಾಡುವ ಈ ಕೋಸಂಬರಿಯನ್ನು ತಿಳಿಸುತ್ತೇವೆ.

ಕೆಂಪಾದ, ಗಟ್ಟಿಯಾದ 4 ಹಣ್ಣುಗಳನ್ನು ತೊಳೆದು ಹೆಚ್ಚಿ, ಅರ್ಧ ಚಮಚ ಉಪ್ಪು ಬೆರೆಸಿ 10 ನಿಮಿಷ ಬಿಡಿರಿ. ಉಪ್ಪು ಹಣ್ಣಿನ ನೀರನ್ನು ಹೊರಗೆಳೆಯುತ್ತದೆ. ಆ ರಸವನ್ನು ಬಸಿದು ಸಾರಿಗೆ ಹಾಕಿರಿ, ಚೆಲ್ಲಬೇಡಿರಿ. ಹೋಳುಗಳಿಗೆ ಒಂದು ಈರುಳ್ಳಿ, ಒಂದು ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹೆಚ್ಚಿ ಹಾಕಿ, ಅರ್ಧ ನಿಂಬೆಹಣ್ಣಿನ ರಸ, 2 ಚಮಚ ಕಡಲೆಕಾಯಿ ಎಣ್ಣೆ ಸೇರಿಸಿ ಅರ್ಧ ಗಂಟೆ ಮುಚ್ಚಿಡಿರಿ. ಬಡಿಸುವಾಗ ಹುರಿದು ಕುಟ್ಟಿದ ಕಡಲೆಕಾಯಿ ಬೀಜ ಉದುರಿಸಿರಿ.

ಬೇಯಿಸದ ಕಾರಣ 'ಸಿ' ಜೀವಸತ್ವ ಉಳಿಯುತ್ತದೆ. ಹಣ್ಣಿನ ಕೆಂಪು ಬಣ್ಣದಲ್ಲಿರುವ ಸತ್ವ ಮೈಗೆ ಹತ್ತಲು ಎಣ್ಣೆ ನೆರವಾಗುತ್ತದೆ.

ಹುಳಿಗೆ ಕಿಲುಬು ಏಳುವುದರಿಂದ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ಬೇಡ. ಗಾಜು, ಪಿಂಗಾಣಿ ಅಥವಾ ಸ್ಟೀಲು ಆಗಬಹುದು. ಹಸಿಯಾಗಿ ತಿನ್ನುವುದರಿಂದ ಮುಖ್ಯ ಎಚ್ಚರಿಕೆ ಇನ್ನೊಂದಿದೆ: ಗಿಡಕ್ಕೆ ಔಷಧಿ ಹೊಡೆದಿದ್ದರೆ, ಡಬ್ಬದ ಮೇಲೆ ಹೇಳಿದಷ್ಟು ದಿನ ಕಳೆಯುವವರೆಗೆ ಹಣ್ಣು ಕೊಯ್ಯಬೇಡಿರಿ. ಇದು ಉಪ್ಪಿನಕಾಯಿಯಲ್ಲ, ಮಾಡಿದ ಹೊತ್ತಿನಲ್ಲೇ ತಿಂದು ಮುಗಿಸಿರಿ.